ಮನೆಯೊಳಗಿನ ಗೇಮ್ ಸ್ಟ್ರೀಮಿಂಗಿಗೆ ಕೇಬಲ್ ಜಾಲ: ಉತ್ತರ ಕನ್ನಡದ ಮನೆಗಳಿಗೊಂದು ಮಾರ್ಗದರ್ಶಿ

ಮಾಳಿಗೆಯ ಕೋಣೆಯಲ್ಲಿರುವ ದೊಡ್ಡ ಕಂಪ್ಯೂಟರಿನಲ್ಲಿ ಓಡುವ ಆಟವನ್ನು ಕೆಳಗೆ ಜಗಲಿಯ ಹಳೆಯ ಲ್ಯಾಪ್‌ಟಾಪಿನಲ್ಲೋ ನಡುಮನೆಯ ಟಿವಿಯಲ್ಲೋ ಆಡಬೇಕೆನ್ನುವವರು ಮೊದಲು ಕೇಳುವುದು ಇಂಟರ್ನೆಟ್ ವೇಗ ಎಷ್ಟಿರಬೇಕು ಎಂದು. ಈ ಕೆಲಸಕ್ಕೆ ಇಂಟರ್ನೆಟ್ ವೇಗ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರ ಹೊರಡುವುದೂ ನಿಮ್ಮ ಮನೆಯಲ್ಲೇ, ತಲುಪುವುದೂ ನಿಮ್ಮ ಮನೆಯಲ್ಲೇ. ಮಳೆಗಾಲದಲ್ಲಿ ರಸ್ತೆಯ ಮೇಲೆ ಮರ ಬಿದ್ದು ಫೈಬರ್ ತುಂಡಾಗಿ ನಾಲ್ಕು ದಿನ ಇಂಟರ್ನೆಟ್ ಇಲ್ಲದಿದ್ದರೂ, ಆಟವು ಆನ್‌ಲೈನ್ ಬೇಡದ್ದಾಗಿದ್ದರೆ ಸ್ಟ್ರೀಮಿಂಗಿಗೆ ಯಾವ ಅಡ್ಡಿಯೂ ಬಾರದು. ಲೆಕ್ಕಕ್ಕೆ ಬರುವುದು ಈ ಎರಡು ಯಂತ್ರಗಳ ನಡುವಿನ ದಾರಿ ಎಷ್ಟು ಸ್ಥಿರವಾಗಿದೆ ಎಂಬುದು. ಆದ್ದರಿಂದ ಹಣವನ್ನೂ ಶ್ರದ್ಧೆಯನ್ನೂ ಮೊದಲು ಕೇಬಲ್ಲಿಗೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಂಪ್ಯೂಟರನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಗೋಡೆಯೊಳಗೆ ಹೋದ ಕೇಬಲ್ ಅದಕ್ಕಿಂತ ಬಹಳ ಹೆಚ್ಚು ಕಾಲ ಅಲ್ಲೇ ಇರುತ್ತದೆ.

ತಂತಿಯೇ ಏಕೆ ಬೇಕು

ಸೆಕೆಂಡಿಗೆ 60 ಚೌಕಟ್ಟುಗಳ (ಫ್ರೇಮುಗಳ, ಅಂದರೆ ಬಿಡಿ ಚಿತ್ರಗಳ) ಚಿತ್ರದಲ್ಲಿ ಒಂದೊಂದು ಚೌಕಟ್ಟಿಗೂ ಸಿಗುವ ಕಾಲ 16.7 ಮಿಲಿಸೆಕೆಂಡ್. ಆಟ ಓಡುವ ಕಂಪ್ಯೂಟರು ಚೌಕಟ್ಟನ್ನು ಹಿಡಿದು, ಕುಗ್ಗಿಸಿ, ಕಳುಹಿಸಬೇಕು. ಈಚೆಯ ಯಂತ್ರವು ಅದನ್ನು ಬಿಚ್ಚಿ ಪರದೆಗೆ ತರಬೇಕು. ನೀವು ಒತ್ತಿದ ಗುಂಡಿಯ ಸುದ್ದಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಒಳ್ಳೆಯ ಕೇಬಲ್ಲಿನಲ್ಲಿ ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ಸಣ್ಣ ಕಟ್ಟು, ಹೋಗಿಬರುವ ಒಟ್ಟು ಸಮಯ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ವೈಫೈಯಲ್ಲಿ ಸರಾಸರಿ ಸಮಯ ಚೆನ್ನಾಗಿಯೇ ಕಂಡರೂ ನಡುನಡುವೆ ಒಂದು ಪ್ಯಾಕೆಟ್ ಕಳೆದುಹೋಗಿ ಮತ್ತೆ ಕಳುಹಿಸಬೇಕಾಗುತ್ತದೆ, ಅಥವಾ ಮನೆಯ ಬೇರೆ ಮೊಬೈಲುಗಳ ಸರದಿ ಮುಗಿಯುವವರೆಗೆ ಕಾಯಬೇಕಾಗುತ್ತದೆ. ಆಟದ ನಡುವೆ ಚಿತ್ರ ಗಕ್ಕನೆ ನಿಂತು ಮುಂದೆ ಜಿಗಿಯುವುದು ಇದರಿಂದಲೇ.

ನಮ್ಮ ಕಡೆಯ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಘಟ್ಟದ ಕೆಳಗೆ ಕುಮಟಾ, ಹೊನ್ನಾವರದಲ್ಲಿರಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿರಲಿ, ಹಳೆಯ ಮನೆಗಳ ಗೋಡೆ ದಪ್ಪನೆಯ ಚಿರೇಕಲ್ಲಿನದು ಅಥವಾ ಮಣ್ಣಿನದು. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ವೈಫೈ ಇಂಥ ಒಂದು ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ, ಎರಡು ಗೋಡೆ ದಾಟುವುದು ಕಷ್ಟ. ನೀರು ರೇಡಿಯೋ ತರಂಗಗಳನ್ನು ಹೀರುವುದರಿಂದ ಆಷಾಢದ ಮಳೆಗೆ ನೆನೆದು ತಣ್ಣಗಾದ ಗೋಡೆಯಲ್ಲಿ ನಷ್ಟ ಇನ್ನೂ ಹೆಚ್ಚುತ್ತದೆ.

ಎರಡೂ ಕಡೆ ಕೇಬಲ್ ಎಳೆಯಲು ಆಗದಿದ್ದರೆ ಆಟ ಓಡುವ ಕಂಪ್ಯೂಟರನ್ನಾದರೂ ಕೇಬಲ್ಲಿಗೆ ಜೋಡಿಸಿರಿ. ಎರಡೂ ವೈಫೈಯಲ್ಲಿದ್ದರೆ ಪ್ರತಿ ಪ್ಯಾಕೆಟ್ಟೂ ರೌಟರಿಗೆ ಒಮ್ಮೆ, ಅಲ್ಲಿಂದ ಮುಂದಕ್ಕೆ ಇನ್ನೊಮ್ಮೆ ಗಾಳಿಯಲ್ಲಿ ಹೋಗುತ್ತದೆ. ಒಂದು ಕಡೆ ಕೇಬಲ್ ಬಂದರೆ ಆ ಹೊರೆ ಅರ್ಧಕ್ಕೆ ಇಳಿಯುತ್ತದೆ. ವಿದ್ಯುತ್ ವೈರಿನ ಮೂಲಕವೇ ಜಾಲ ಸಾಗಿಸುವ ಅಡಾಪ್ಟರುಗಳೂ ಸಿಗುತ್ತವೆ, ಆದರೆ ಹಳೆಯ ವೈರಿಂಗ್ ಮತ್ತು ಇನ್ವರ್ಟರ್ ಇರುವ ಮನೆಯಲ್ಲಿ ಅವನ್ನು ನೆಚ್ಚಿಕೊಳ್ಳುವುದನ್ನು ನಾನು ಸೂಚಿಸಲಾರೆ.

ಗಿಗಾಬಿಟ್ ಬೇಕೇ, 100 ಮೆಗಾಬಿಟ್ ಸಾಲದೇ

ಮೂನ್‌ಲೈಟ್ ಎಂಬ, ಸ್ಟ್ರೀಮ್ ಆದ ಆಟವನ್ನು ಪರದೆಗೆ ತರುವ ತಂತ್ರಾಂಶವು 1080 ಪಿಕ್ಸೆಲ್ ಎತ್ತರದ, 60 ಚೌಕಟ್ಟಿನ ಚಿತ್ರಕ್ಕೆ ತಾನಾಗಿ ಆರಿಸುವ ದರ ಸೆಕೆಂಡಿಗೆ 20 ಮೆಗಾಬಿಟ್. ಹಾಗಾದರೆ 100 ಮೆಗಾಬಿಟ್ಟಿನ ಕೊಂಡಿ ಐದು ಪಟ್ಟು ದೊಡ್ಡದಾಯಿತಲ್ಲ ಎಂದು ಅನಿಸುವುದು ಸಹಜ. ಆದರೆ ಲೆಕ್ಕ ಹಾಕಬೇಕಾದದ್ದು ಸೆಕೆಂಡಿಗಲ್ಲ, ಚೌಕಟ್ಟಿಗೆ. 20 ಮೆಗಾಬಿಟ್ಟನ್ನು 60ರಿಂದ ಭಾಗಿಸಿದರೆ ಒಂದು ಚೌಕಟ್ಟಿಗೆ ಸುಮಾರು 333 ಕಿಲೋಬಿಟ್ ಬರುತ್ತದೆ. ಅದು ಪೂರ್ತಿಯಾಗಿ ತಲುಪಿದ ಮೇಲಷ್ಟೇ ಬಿಚ್ಚಿ ತೋರಿಸಲು ಸಾಧ್ಯ. 100 ಮೆಗಾಬಿಟ್ಟಿನ ಕೊಂಡಿಯಲ್ಲಿ ಅಷ್ಟು ಸಾಗಲು 3.3 ಮಿಲಿಸೆಕೆಂಡ್ ಬೇಕು, ಗಿಗಾಬಿಟ್ಟಿನಲ್ಲಿ, ಅಂದರೆ 1000 ಮೆಗಾಬಿಟ್ಟಿನಲ್ಲಿ, 0.33 ಸಾಕು. 4ಕೆ ಚಿತ್ರಕ್ಕೆ 80 ಮೆಗಾಬಿಟ್ ಇಟ್ಟರೆ 100 ಮೆಗಾಬಿಟ್ಟಿನ ಕೊಂಡಿಯಲ್ಲಿ ಒಂದೊಂದು ಚೌಕಟ್ಟಿನ ಸಾಗಾಟಕ್ಕೇ 13 ಮಿಲಿಸೆಕೆಂಡ್ ಹೋಗುತ್ತದೆ, ಇರುವ 16.7ರಲ್ಲಿ ಉಳಿಯುವುದು ಅಲ್ಪ. ಈ ಎರಡು ವೇಗದ ಸ್ವಿಚ್ಚುಗಳ, ಅಂದರೆ ಹಲವು ಕೇಬಲ್ಲುಗಳನ್ನು ಒಂದೆಡೆ ಜೋಡಿಸುವ ಸಾಧನಗಳ, ಬೆಲೆಯಲ್ಲಿ ಈಗ ದೊಡ್ಡ ಅಂತರವಿಲ್ಲದಿರುವಾಗ ಗಿಗಾಬಿಟ್ಟನ್ನೇ ಕೊಳ್ಳುವುದು ಜಾಣತನ.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಫೈಬರ್ ಸಂಪರ್ಕದ ಜತೆಗೆ ಬರುವ ರೌಟರ್ ಪೆಟ್ಟಿಗೆಗಳಲ್ಲಿ ಅನೇಕವುಗಳಿಗೆ ಒಂದೇ ಒಂದು ಗಿಗಾಬಿಟ್ ಪೋರ್ಟ್ ಇರುತ್ತದೆ, ಉಳಿದವು 100 ಮೆಗಾಬಿಟ್ಟಿನವು. ಎರಡು ಕಂಪ್ಯೂಟರುಗಳನ್ನೂ ನೇರವಾಗಿ ಆ ಪೆಟ್ಟಿಗೆಗೆ ಚುಚ್ಚಿದರೆ ನಡುವಿನ ದಾರಿ 100ಕ್ಕೆ ಇಳಿಯುತ್ತದೆ. ಆದ್ದರಿಂದ ಐದು ಪೋರ್ಟಿನ ಒಂದು ಸಾಧಾರಣ ಗಿಗಾಬಿಟ್ ಸ್ವಿಚ್ ತಂದು, ಎರಡು ಕಂಪ್ಯೂಟರುಗಳನ್ನೂ ಅದಕ್ಕೇ ಜೋಡಿಸಿ, ಸ್ವಿಚ್ಚಿನಿಂದ ಒಂದು ಕೇಬಲ್ಲನ್ನು ಮಾತ್ರ ಪೆಟ್ಟಿಗೆಗೆ ಕೊಡಿರಿ. ಆಗ ಆಟದ ಚಿತ್ರವು ಸ್ವಿಚ್ಚಿನೊಳಗೇ ತಿರುಗಿ ಸಾಗುತ್ತದೆ. ರೌಟರ್ ವಿಳಾಸ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಸ್ವಿಚ್ಚಿಗೆ ಯಾವ ಹೊಂದಾಣಿಕೆಯೂ ಬೇಡ, ದುಬಾರಿ ನಿಯಂತ್ರಣಗಳುಳ್ಳದ್ದೂ ಬೇಡ.

ಕೇಬಲ್ ಆರಿಸುವುದು, ಎಳೆಯುವುದು

ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ ಸಾಗಿಸುತ್ತದೆ. ಕ್ಯಾಟ್ 6 ಆದರೆ 55 ಮೀಟರಿನವರೆಗೆ 10 ಗಿಗಾಬಿಟ್ಟನ್ನೂ ಸಾಗಿಸಬಲ್ಲದು. ಹೊಸದಾಗಿ ಎಳೆಯುವುದಿದ್ದರೆ ಕ್ಯಾಟ್ 6 ತೆಗೆದುಕೊಳ್ಳಿರಿ. ಅದಕ್ಕಿಂತ ಮುಖ್ಯವಾದದ್ದು ತಂತಿ ಪೂರ್ಣ ತಾಮ್ರದ್ದೇ ಎಂಬುದು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗವಾಗಿ ಸಿಗುತ್ತದೆ, ಮೇಲೆ ಕ್ಯಾಟ್ 6 ಎಂದೇ ಬರೆದಿರುತ್ತದೆ. ಅಂಗಡಿಯಲ್ಲೇ ಒಂದು ಎಳೆಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿರಿ: ಒಳಗೆ ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ. ಅಂಥದ್ದು ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ, ಮತ್ತು ಕಾರವಾರ, ಅಂಕೋಲಾದಂಥ ಕಡಲಂಚಿನ ಊರಿನ ಉಪ್ಪುಗಾಳಿಯಲ್ಲಿ ಎರಡು ಲೋಹಗಳು ಸೇರುವ ತುದಿಯಲ್ಲಿ ಸವೆತ ಬೇಗ ಹಿಡಿಯುತ್ತದೆ. ಗೋಡೆಯೊಳಗೆ ಮತ್ತು ಅಟ್ಟದ ಮೇಲೆ ಹಾಕಲು ಒಂಟಿ ಗಟ್ಟಿ ಎಳೆಯ ಕೇಬಲ್ ಬೇಕು. ಸ್ವಿಚ್ಚಿನಿಂದ ಕಂಪ್ಯೂಟರಿಗೆ ಕೊಡುವ ಗೇಣು-ಮೊಳದ ತುಂಡುಗಳಿಗೆ ಸಣ್ಣ ಎಳೆಗಳನ್ನು ಹೆಣೆದ ಮೆತ್ತನೆಯ ಸಿದ್ಧ ಕೇಬಲ್ ಸಾಕು.

ಹಂಚಿನ ಮನೆಗಳಲ್ಲಿ ಒಳ್ಳೆಯ ದಾರಿ ಅಟ್ಟ. ಮಾಳಿಗೆಯ ಕೋಣೆಯಿಂದ ಅಟ್ಟದ ತೊಲೆಯ ಪಕ್ಕದಲ್ಲಿ 25 ಮಿಲಿಮೀಟರಿನ ಪಿವಿಸಿ ಪೈಪಿನೊಳಗೆ ಕೇಬಲ್ಲನ್ನು ತಂದು ಬೇಕಾದ ಕೋಣೆಯ ಮೂಲೆಯಲ್ಲಿ ಇಳಿಸಬಹುದು. ಪೈಪು ಇಲ್ಲದೆ ಬರಿದೇ ಹಾಕಿದ ಕೇಬಲ್ಲನ್ನು ಇಲಿಗಳು ಕಡಿಯುತ್ತವೆ; ಅಡಿಕೆ, ಭತ್ತ ತುಂಬಿಡುವ ಅಟ್ಟದಲ್ಲಂತೂ ಇದು ಖಂಡಿತ. ಕರೆಂಟಿನ ವೈರು ಇರುವ ಪೈಪಿನೊಳಗೆ ಇದನ್ನು ಎಂದೂ ತೂರಿಸಬಾರದು. ಸುರಕ್ಷತೆಯ ಕಾರಣಕ್ಕೂ ಅದು ಸಲ್ಲದು, ಸಂಕೇತ ಕೆಡುವ ಕಾರಣಕ್ಕೂ ಸಲ್ಲದು. ಎರಡೂ ಪೈಪು ಒಂದೇ ಗೋಡೆಯಲ್ಲಿ ಹೋಗಬೇಕಾದರೆ ನಡುವೆ ಒಂದು ಗೇಣಾದರೂ ಅಂತರವಿರಲಿ; ಒಂದನ್ನೊಂದು ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಲಿ. ತಿರುವುಗಳನ್ನು ದುಂಡಗೆ ಕೊಡಿರಿ, ಕೇಬಲ್ಲಿನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬೇಡಿರಿ.

ಚಿರೇಕಲ್ಲಿಗೆ ತೂತು ಕೊರೆಯುವುದು ಸುಲಭ, ಅದರಲ್ಲಿ ಹಿಡಿತ ಸಿಗುವುದೇ ಕಷ್ಟ. ಕಲ್ಲಿನಲ್ಲಿ ಸಹಜವಾಗಿಯೇ ಪೊಳ್ಳುಗಳಿರುವುದರಿಂದ ಸ್ಕ್ರೂ ಹಿಡಿಯಲು ಹಾಕುವ ಪ್ಲಾಸ್ಟಿಕ್ ಪ್ಲಗ್ ತಿರುಗಿ ಹೊರಬರುತ್ತದೆ. ತೂತಿನ ಪುಡಿಯನ್ನು ಊದಿ ತೆಗೆದು, ತುಸು ಸಿಮೆಂಟು ತುಂಬಿ ಪ್ಲಗ್ ಕೂರಿಸಿ, ಮರುದಿನ ಸ್ಕ್ರೂ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಹೊರಗೋಡೆಯಲ್ಲಿ ತೂತು ಮಾಡುವುದಾದರೆ ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಕೊರೆಯಿರಿ, ಮತ್ತು ಹೊರಗೆ ಕೇಬಲ್ಲನ್ನು ತೂತಿಗಿಂತ ಒಂದು ಮೊಳ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆತ್ತಿ ಒಳಗೆ ತನ್ನಿರಿ. ಕೇಬಲ್ ಹಿಡಿದು ಹರಿದು ಬರುವ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಯೊಳಗೆ ಬರುವುದಿಲ್ಲ. ಹೊರಗೆ ಹೋಗುವ ತುಂಡು ಬಿಸಿಲು ತಾಳುವ ಕಪ್ಪು ಹೊದಿಕೆಯದ್ದಾಗಿರಲಿ.

ಒಂದು ಕೇಬಲ್ ಎಳೆಯುವಾಗ ಜತೆಗೆ ಎರಡನೆಯದನ್ನೂ, ಒಂದು ನೈಲಾನ್ ದಾರವನ್ನೂ ಪೈಪಿನೊಳಗೆ ಎಳೆದುಬಿಡಿರಿ. ಕೂಲಿ ಒಂದೇ. ಮುಂದೆ ಟಿವಿಗೋ ಕ್ಯಾಮರಾಗೋ ಬೇಕಾದಾಗ ಗೋಡೆ ಮುಟ್ಟುವ ಕೆಲಸ ಇರುವುದಿಲ್ಲ.

ತುದಿ ಕಟ್ಟುವ ಕೆಲಸ

ಮನೆಯ ಜಾಲದಲ್ಲಿ ತೊಂದರೆ ಹೆಚ್ಚಾಗಿ ಹುಟ್ಟುವುದು ಕೇಬಲ್ಲಿನ ನಡುವೆ ಅಲ್ಲ, ತುದಿಯಲ್ಲಿ. ಹೊರ ಹೊದಿಕೆಯನ್ನು ಮೂರು ಸೆಂಟಿಮೀಟರಿನಷ್ಟು ಸುಲಿದರೆ ಒಳಗೆ ನಾಲ್ಕು ಜೋಡಿ ತಂತಿಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಸುಲಿಯುವಾಗ ಬ್ಲೇಡು ಒಳತಂತಿಗೆ ತಾಗಿದೆಯೇ ಎಂದು ಬಗ್ಗಿಸಿ ನೋಡಿರಿ; ಗೀರು ಬಿದ್ದಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯುವುದೇ ಮೇಲು. ಹೆಣಿಗೆ ಬಿಚ್ಚಿ, ಎಳೆಗಳನ್ನು ಬೆರಳಿನ ನಡುವೆ ತೀಡಿ ನೆಟ್ಟಗೆ ಮಾಡಿ, ಕನೆಕ್ಟರಿನ ಕ್ಲಿಪ್ ಕೆಳಮುಖವಾಗಿರುವಂತೆಯೂ ಕೇಬಲ್ ನಿಮ್ಮ ಕಡೆಯಿಂದ ಒಳಹೋಗುವಂತೆಯೂ ಹಿಡಿದುಕೊಂಡರೆ, ಎಡದಿಂದ ಬಲಕ್ಕೆ ಬಣ್ಣಗಳ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ತುದಿಗಳನ್ನು ಒಂದೇ ಸಮ ಕತ್ತರಿಸಿ ಒಳಗೆ ದೂಡಿ, ಪಾರದರ್ಶಕ ಕನೆಕ್ಟರಿನ ಮೂತಿಯ ಕಡೆಯಿಂದ ನೋಡಿರಿ. ಎಂಟು ತಾಮ್ರದ ಚುಕ್ಕೆಗಳೂ ಗೋಡೆಗೆ ಮುಟ್ಟಿ ಸಾಲಾಗಿ ಹೊಳೆಯಬೇಕು. ಒಂದು ಚುಕ್ಕೆ ಮಂಕಾಗಿದ್ದರೂ ಹೊರಗೆಳೆದು ಮತ್ತೆ ಕೂರಿಸಿರಿ. ಹೊರ ಹೊದಿಕೆಯೂ ಕನೆಕ್ಟರಿನೊಳಗೆ ಸೇರಿ, ಪಿನ್ನುಗಳನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಒತ್ತಿದಾಗ ಹಿಡಿತಕ್ಕೆ ಸಿಕ್ಕಬೇಕು. ಬಿಚ್ಚಿದ ಹೆಣಿಗೆ 13 ಮಿಲಿಮೀಟರನ್ನು ಮೀರದಿರಲಿ.

ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ಯಾವ ಬಣ್ಣ ಎಲ್ಲಿದ್ದರೇನು ಎಂದು ಕೆಲವು ಎಲೆಕ್ಟ್ರಿಷಿಯನ್ನರು ಹೇಳುವುದುಂಟು. ಅದು ತಪ್ಪು. ಎಡದಿಂದ ಎಣಿಸಿದಾಗ ಬರುವ 3 ಮತ್ತು 6ನೇ ಪಿನ್ನುಗಳು ಒಂದೇ ಜೋಡಿಯವಾಗಿರಬೇಕು. ಮನಸ್ಸಿಗೆ ಬಂದ ಕ್ರಮದಲ್ಲಿ ಕಟ್ಟಿದರೆ ಬೇರೆ ಬೇರೆ ಜೋಡಿಯ ಎಳೆಗಳು ಒಂದೇ ಸಂಕೇತವನ್ನು ಹೊರಬೇಕಾಗಿ, ಹೆಣಿಗೆಯಿಂದ ಸಿಗುವ ರಕ್ಷಣೆ ಹೋಗುತ್ತದೆ. ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಬೆಳಗುತ್ತವೆ, ಆದರೆ ಉದ್ದದ ಕೇಬಲ್ಲಿನಲ್ಲಿ ಪ್ಯಾಕೆಟ್ಟುಗಳು ಕಳೆದುಹೋಗುತ್ತಲೇ ಇರುತ್ತವೆ. ಕರಾವಳಿಯವರು ಪಿನ್ನುಗಳ ಚಿನ್ನದ ಲೇಪ ದಪ್ಪವಿರುವ ಕನೆಕ್ಟರುಗಳಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಟಕ್ಕೆ ಮೊದಲು ಅಳತೆ

ಕೇಬಲ್ ಜೋಡಿಸಿದ ಮೇಲೆ ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಈಥರ್ನೆಟ್ ವಿವರ ತೆರೆದು ಲಿಂಕ್ ಸ್ಪೀಡ್ ನೋಡಿರಿ. 1000/1000 ಎಂದಿದ್ದರೆ ಸರಿ. 100 ಎಂದಿದ್ದರೆ, ಪೋರ್ಟುಗಳೆಲ್ಲ ಗಿಗಾಬಿಟ್ಟಿನವೇ ಆಗಿದ್ದಲ್ಲಿ, ಎಂಟರಲ್ಲಿ ಯಾವುದೋ ಎಳೆ ಸರಿಯಾಗಿ ಕೂತಿಲ್ಲವೆಂದೇ ಅರ್ಥ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಆಮೇಲೆ ಐಪರ್ಫ್ 3 ಎಂಬ ಉಚಿತ ತಂತ್ರಾಂಶವನ್ನು ಎರಡೂ ಕಂಪ್ಯೂಟರಿನಲ್ಲಿ ಹಾಕಿ, ಒಂದನ್ನು ಸರ್ವರ್ ಆಗಿಸಿ ಇನ್ನೊಂದರಿಂದ ಅಳೆದರೆ ಸುಮಾರು 940 ಮೆಗಾಬಿಟ್ ಬರಬೇಕು. ಈ ಅಳತೆ ಮುಗಿಯುವವರೆಗೆ ಆಟದ ತಂತ್ರಾಂಶಕ್ಕೆ ಕೈಹಾಕಬೇಡಿರಿ. ಇಲ್ಲವಾದರೆ ಮುಂದೆ ತೊಂದರೆ ಬಂದಾಗ ದೋಷ ಕೇಬಲ್ಲಿನದೋ ತಂತ್ರಾಂಶದ್ದೋ ತಿಳಿಯುವುದಿಲ್ಲ.

ರೌಟರಿನ ಪುಟದಲ್ಲಿ ಆಟ ಓಡುವ ಕಂಪ್ಯೂಟರಿಗೆ ಒಂದು ಐಪಿ ವಿಳಾಸವನ್ನು (ಜಾಲದಲ್ಲಿ ಯಂತ್ರದ ಗುರುತಿನ ಸಂಖ್ಯೆ) ಕಾಯ್ದಿರಿಸಿರಿ, ಮತ್ತು ವಿಂಡೋಸಿನಲ್ಲಿ ಈ ಜಾಲವನ್ನು ಪ್ರೈವೇಟ್ ಎಂದು ಗುರುತಿಸಿರಿ. ಪಬ್ಲಿಕ್ ಎಂದು ಉಳಿದಿದ್ದರೆ ಫೈರ್‌ವಾಲ್ ಅಡ್ಡ ಬಂದು, ಕೇಬಲ್ ಎಷ್ಟೇ ಚೆನ್ನಾಗಿದ್ದರೂ ಯಂತ್ರಗಳು ಒಂದಕ್ಕೊಂದು ಕಾಣಿಸದೇ ಹೋಗಬಹುದು.

ತಂತ್ರಾಂಶ

ಬರೀ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಆಟಗಳೇ ಇದ್ದರೆ ಅದರದೇ ಸ್ಟ್ರೀಮಿಂಗ್ ಸೌಲಭ್ಯವಾದ ರಿಮೋಟ್ ಪ್ಲೇ ಸಾಕು. ಎರಡೂ ಕಂಪ್ಯೂಟರಿನಲ್ಲಿ ಒಂದೇ ಖಾತೆಯಿಂದ ಒಳಹೋದರೆ ಇನ್‌ಸ್ಟಾಲ್ ಗುಂಡಿಯ ಬದಿಗೆ ಸ್ಟ್ರೀಮ್ ಎಂಬ ಆಯ್ಕೆ ಬರುತ್ತದೆ. ಹೆಚ್ಚು ಹಿಡಿತ ಬೇಕಾದವರಿಗೆ ಸನ್‌ಶೈನ್ ಮತ್ತು ಮೂನ್‌ಲೈಟ್ ಜೋಡಿಯನ್ನು ಸೂಚಿಸುತ್ತೇನೆ: ಮೊದಲನೆಯದು ಆಟದ ಚಿತ್ರವನ್ನು ಕಳುಹಿಸುತ್ತದೆ, ಎರಡನೆಯದು ಅದನ್ನು ತೋರಿಸುತ್ತದೆ. ಎನ್‌ವಿಡಿಯಾ ತನ್ನ ಗೇಮ್‌ಸ್ಟ್ರೀಮ್ ಸೌಲಭ್ಯವನ್ನು 2023ರಲ್ಲಿ ಹಿಂತೆಗೆದುಕೊಂಡ ಮೇಲೆ ಅದರ ಜಾಗವನ್ನು ತುಂಬಿದ್ದು ಮುಕ್ತ ತಂತ್ರಾಂಶವಾದ ಸನ್‌ಶೈನ್. ಇದು ಎಎಂಡಿ ಮತ್ತು ಇಂಟೆಲ್ ಗ್ರಾಫಿಕ್ಸಿನಲ್ಲೂ ಕೆಲಸ ಮಾಡುತ್ತದೆ.

ಆಟ ಓಡುವ ಕಂಪ್ಯೂಟರಿನಲ್ಲಿ ಸನ್‌ಶೈನ್ ಹಾಕಿ, ಟಾಸ್ಕ್‌ಬಾರಿನ ಚಿಹ್ನೆಯಿಂದ ಅದರ ಪುಟ ತೆರೆಯಿರಿ. ಅದು ಬ್ರೌಸರಿನಲ್ಲಿ 47990ನೇ ಪೋರ್ಟಿನಲ್ಲಿ ತೆರೆದುಕೊಳ್ಳುತ್ತದೆ. ಪ್ರಮಾಣಪತ್ರದ ಬಗ್ಗೆ ಬ್ರೌಸರ್ ಎಚ್ಚರಿಸುವುದು ಇಲ್ಲಿ ಸಹಜ, ಏಕೆಂದರೆ ಅದು ನಿಮ್ಮ ಕಂಪ್ಯೂಟರೇ ತನಗೆ ತಾನು ಕೊಟ್ಟುಕೊಂಡ ಪ್ರಮಾಣಪತ್ರ. ಬಳಕೆದಾರರ ಹೆಸರು, ಗುಪ್ತಪದ ಇಟ್ಟುಕೊಂಡು, ಈಚೆಯ ಯಂತ್ರದಲ್ಲಿ ಮೂನ್‌ಲೈಟ್ ತೆರೆದರೆ ಕಂಪ್ಯೂಟರಿನ ಹೆಸರು ಬೀಗದ ಗುರುತಿನೊಂದಿಗೆ ಕಾಣುತ್ತದೆ. ಅದನ್ನು ಒತ್ತಿದಾಗ ಬರುವ ನಾಲ್ಕಂಕಿಯ ಪಿನ್ ಸಂಖ್ಯೆಯನ್ನು ಸನ್‌ಶೈನ್ ಪುಟದಲ್ಲಿ ತುಂಬಿದರೆ ಜೋಡಣೆ ಮುಗಿಯಿತು. ಆಟ ಓಡುವ ಕಂಪ್ಯೂಟರಿಗೆ ಮಾನಿಟರ್ ಇಲ್ಲದಿದ್ದರೆ ಹಿಡಿಯಲು ಚಿತ್ರವೇ ಇರುವುದಿಲ್ಲ; ಎಚ್‌ಡಿಎಂಐ ಪೋರ್ಟಿಗೆ ಚುಚ್ಚುವ ಡಮ್ಮಿ ಪ್ಲಗ್, ಅಂದರೆ ಮಾನಿಟರ್ ಇದೆಯೆಂದು ನಂಬಿಸುವ ಪ್ಲಗ್, ಒಂದನ್ನು ಹಾಕಿರಿ.

ಹಳೆಯ ಲ್ಯಾಪ್‌ಟಾಪಿಗೆ ಆಟ ಓಡಿಸುವ ಶಕ್ತಿ ಬೇಡ, ಚಿತ್ರ ಬಿಚ್ಚುವ ಶಕ್ತಿ ಇರಬೇಕು. 2015ರಲ್ಲಿ ಬಂದ ಇಂಟೆಲ್ ಪ್ರೊಸೆಸರುಗಳ ಆರನೇ ಪೀಳಿಗೆಯಿಂದ ಮುಂದಿನವು ಎಚ್‌ಇವಿಸಿ ಎಂಬ ವೀಡಿಯೋ ಕುಗ್ಗಿಸುವ ರೂಪವನ್ನು ಯಂತ್ರಾಂಶದಲ್ಲೇ ಬಿಚ್ಚುತ್ತವೆ. ಅದಕ್ಕಿಂತ ಹಳೆಯದಾದರೆ ಎಚ್.264 ಎಂಬ ಹಳೆಯ ರೂಪವನ್ನು ಆರಿಸಿ ದರವನ್ನು ತುಸು ಹೆಚ್ಚಿಸಿರಿ. ಟಿವಿಯಲ್ಲಿ ಆಡುವವರು ಅದರ ಗೇಮ್ ಮೋಡ್ ಹಾಕಿಕೊಳ್ಳಬೇಕು. ಅನೇಕ ಟಿವಿಗಳ ಈಥರ್ನೆಟ್ ಪೋರ್ಟ್ 100 ಮೆಗಾಬಿಟ್ಟಿನದೇ ಆಗಿರುವುದರಿಂದ ಅಲ್ಲಿ 1080ಕ್ಕೆ ನಿಲ್ಲುವುದು ಉತ್ತಮ.

ಮೂನ್‌ಲೈಟಿನಲ್ಲಿ ಆಟದ ನಡುವೆ ಕಂಟ್ರೋಲ್, ಆಲ್ಟ್, ಶಿಫ್ಟ್ ಜತೆಗೆ ಎಸ್ ಒತ್ತಿದರೆ ಪರದೆಯ ಮೂಲೆಯಲ್ಲಿ ಅಂಕಿಗಳು ಬರುತ್ತವೆ. ಕಳೆದುಹೋದ ಚೌಕಟ್ಟುಗಳ ಶೇಕಡಾವಾರು ಕೇಬಲ್ಲಿನಲ್ಲಿ ಸೊನ್ನೆಯೇ ಇರಬೇಕು. ಅದು ಏರಿದರೆ ತುದಿ ಕಟ್ಟಿದ್ದನ್ನು ಪರೀಕ್ಷಿಸಿರಿ. ಬಿಚ್ಚುವ ಸಮಯ ಹತ್ತು ಮಿಲಿಸೆಕೆಂಡ್ ದಾಟಿದರೆ ಲ್ಯಾಪ್‌ಟಾಪ್ ಸೋಲುತ್ತಿದೆ, ರೂಪ ಬದಲಿಸಿರಿ. ಈ ಎರಡೂ ಸರಿಯಿದ್ದು ಚಿತ್ರ ಮಾತ್ರ ಎಡವುತ್ತಿದ್ದರೆ ಆಟವೇ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ನುಂಗಿ, ಕುಗ್ಗಿಸುವ ಕೆಲಸಕ್ಕೆ ಬಿಡುವು ಕೊಡುತ್ತಿಲ್ಲವೆಂದು ತಿಳಿಯಬಹುದು. ಆಟದ ಚೌಕಟ್ಟಿನ ದರವನ್ನು 60ಕ್ಕೆ ಮಿತಿಗೊಳಿಸಿರಿ.

ಸಿಡಿಲು ಮತ್ತು ಎರಡು ಕಟ್ಟಡಗಳ ಪ್ರಶ್ನೆ

ನಮ್ಮಲ್ಲಿ ಸಿಡಿಲಿನ ಭಯ ಜಡಿಮಳೆಯ ದಿನಗಳಿಗಿಂತ ಭರಣಿ, ಕೃತ್ತಿಕೆಯ ಹೊತ್ತಿನ ಗುಡುಗು ಮಳೆಯಲ್ಲೂ ದೀಪಾವಳಿಯ ಮೊದಲಿನ ಸಂಜೆಗಳಲ್ಲೂ ಹೆಚ್ಚು. ಉದ್ದದ ತಾಮ್ರದ ಕೇಬಲ್ಲಿಗೆ ಸಿಡಿಲು ನೇರ ಬಡಿಯಬೇಕೆಂದಿಲ್ಲ. ಹತ್ತಿರ ಬಿದ್ದರೂ ಹುಟ್ಟುವ ವೋಲ್ಟೇಜಿಗೆ ಎರಡೂ ತುದಿಯ ಪೋರ್ಟ್ ಸುಡಬಹುದು. ಕರೆಂಟಿನ ಪ್ಲಗ್ ಮಾತ್ರ ತೆಗೆದು ನೆಟ್‌ವರ್ಕ್ ಕೇಬಲ್ಲನ್ನು ಹಾಗೇ ಬಿಡುವ ರೂಢಿ ಸಾಲದು. ಗುಡುಗು ದೂರವಿರುವಾಗಲೇ ಎರಡನ್ನೂ ಬಿಡಿಸಿಡಬೇಕು, ತಲೆಯ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಬಾರದು.

ಮನೆಯಿಂದ ಅಂಗಳದಾಚೆಯ ಹೊಸ ಕಟ್ಟಡಕ್ಕೋ ಅಣ್ಣತಮ್ಮಂದಿರ ಪಕ್ಕದ ಮನೆಗೋ ಜಾಲ ಒಯ್ಯಬೇಕಾದರೆ ತಾಮ್ರ ಬೇಡವೇ ಬೇಡ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆಯಾಗಿರುತ್ತದೆ. ಅವನ್ನು ತಾಮ್ರದಿಂದ ಜೋಡಿಸಿದರೆ ಸಿಡಿಲಿನ ಹೊತ್ತಿನಲ್ಲಿ ವ್ಯತ್ಯಾಸವೆಲ್ಲ ನಿಮ್ಮ ಸ್ವಿಚ್ಚಿನ ಮೂಲಕ ಹರಿಯುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ತುದಿಗಳಲ್ಲಿ ಕನೆಕ್ಟರ್ ಕೂರಿಸಿಯೇ ಬರುವ ಸಿಂಗಲ್ ಮೋಡ್ ಫೈಬರ್ ಕೇಬಲ್ ಮತ್ತು ಫೈಬರಿನ ಬೆಳಕಿನ ಸಂಕೇತವನ್ನೂ ತಾಮ್ರದ ವಿದ್ಯುತ್ ಸಂಕೇತವನ್ನೂ ಒಂದರಿಂದ ಒಂದಕ್ಕೆ ಬದಲಿಸುವ ಒಂದು ಜೋಡಿ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ತಂದು, ಒಂದೊಂದು ಕಟ್ಟಡದಲ್ಲಿ ಒಂದೊಂದನ್ನು ಇಟ್ಟರೆ ಮುಗಿಯಿತು. ಕಂಬದಿಂದ ಮನೆಗೆ ಎಳೆಯುವಂಥ ಕಪ್ಪು ಫೈಬರಿನಲ್ಲಿ ಆಸರೆಗೆಂದು ಒಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಹೊರಗೋಡೆಯಲ್ಲೇ ಬೇರ್ಪಡಿಸಿ ನಿಲ್ಲಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತನ್ನಿರಿ. ಉಕ್ಕಿಲ್ಲದ, ನಾರುಬಲದ ಕೇಬಲ್ ಸಿಕ್ಕರೆ ಅದೇ ಮೇಲು.

ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲ ಯಂತ್ರಗಳ ಲಿಂಕ್ ಸ್ಪೀಡ್ ನೋಡಿಕೊಳ್ಳಿರಿ. 1000 ಇದ್ದದ್ದು 100ಕ್ಕೆ ಇಳಿದಿದ್ದರೆ ಮೊದಲು ಕನೆಕ್ಟರನ್ನು ಬಿಡಿಸಿ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಹಿಡಿದಿದ್ದರೆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಕಟ್ಟಿರಿ. ಇದಕ್ಕೆಂದೇ ಕೇಬಲ್ ಎಳೆಯುವಾಗ ಎರಡೂ ತುದಿಯಲ್ಲಿ ಒಂದು ಮಾರು ಉದ್ದ ಹೆಚ್ಚು ಬಿಟ್ಟು ಸುತ್ತಿಟ್ಟಿರಬೇಕು.